ಮರ ಕೊಯ್ಯುವ ಮಿಷನ್: ಬಳಕೆದಾರರ ಕೈಪಿಡಿ (ಮಲೆನಾಡು ಆವೃತ್ತಿ)

ಅಭಿನಂದನೆಗಳು. ಮರ ಕೊಯ್ಯುವ ಮಿಷನ್ ಕೊಳ್ಳುವ ನಿಮ್ಮ ತೀರ್ಮಾನ ಮನೆಯವರಿಗೆ ಇನ್ನೂ ಗೊತ್ತಾಗಿಲ್ಲ ಎಂಬ ಅಂದಾಜಿನ ಮೇಲೆ ಈ ಕೈಪಿಡಿ ಸಿದ್ಧವಾಗಿದೆ. ಪೆಟ್ಟಿಗೆಯ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಅಷ್ಟು ಹೊತ್ತಿಗೆ ಅಂಗಳದಲ್ಲಿ ಜನ ಸೇರಿರುತ್ತಾರೆ, ಯಾವುದೋ ನಿರಪರಾಧಿ ಪೇರಲೆ ಮರ ಎದುರಿಗೆ ನಿಂತಿರುತ್ತದೆ. ಆದ್ದರಿಂದ ಇದನ್ನು ಅಂಗಡಿಗೆ ಹೊರಡುವ ಮುಂಚೆಯೇ ಓದಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಕಡೆಯ ಕಾಫಿ, ಅಡಿಕೆ ತೋಟದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಬಯಲುಸೀಮೆಯವರು ಹಲಸು ಎಂದಿರುವ ಕಡೆ ಹುಣಸೆ ಎಂದು ಓದಿಕೊಳ್ಳಬಹುದು.

ಮೊದಲ ಸುರಕ್ಷತಾ ಕ್ರಮ: ಅಂಗಡಿಗೆ ಒಬ್ಬರೇ ಹೋಗಿ

ಹೆಲ್ಮೆಟ್ಟು, ಗ್ಲೌಸು ಎಲ್ಲ ಇದಾದ ಮೇಲೆ. ಒಬ್ಬರೇ ಹೋದವರು 16 ಇಂಚಿನದನ್ನು ಎತ್ತಿ ನೋಡಿ, ಕೈಗೆ ಹಗುರ ಎಂದು ತರುತ್ತಾರೆ. ಭಾವನ ಜೊತೆ ಹೋದವರು 18ಕ್ಕೆ ಏರುತ್ತಾರೆ. ಜೀಪಿನ ತುಂಬ ಹೋದವರು 22ರ ಕೆಳಗೆ ಕಣ್ಣೇ ಹಾಯಿಸುವುದಿಲ್ಲ. “ತಗೊಳ್ಳೋದೇ ತಗೊಳ್ತೀರ, ದೊಡ್ಡದೇ ತಗೊಳ್ಳಿ ಭಾವ, ದಿನಾ ತಗೊಳ್ಳೋ ಸಾಮಾನಾ ಇದು?” ಎಂಬ ಮಾತು ಕೌಂಟರಿನ ಈಚೆಯಿಂದಲೇ ಬರುವುದರಿಂದ ಅಂಗಡಿಯವನು ಬಾಯಿ ನೋಯಿಸಿಕೊಳ್ಳಬೇಕಾದ್ದೇ ಇಲ್ಲ. ಪೆಟ್ಟಿಗೆಯ ಮೇಲಿನ 22 ಎಂಬುದು ಬಾರಿನ, ಅಂದರೆ ಚೈನು ಸುತ್ತುವ ಅಲಗಿನ ಉದ್ದ. ಅದು ನಿಮ್ಮ ತೋಟದ ಎಕರೆ ಲೆಕ್ಕವಲ್ಲ.

ಟೇಪಿನ ಬಳಕೆ

ನಮ್ಮ ಕಡೆ ಮರ ಅಳೆಯುವುದು ಸುತ್ತಳತೆಯಲ್ಲಿ. ಮರದ ವ್ಯಾಪಾರಿ ಬುಡಕ್ಕೆ ಹಗ್ಗ ಸುತ್ತಿ “ಐದಡಿ” ಎನ್ನುತ್ತಾನೆ. ಮಿಷನ್ನಿಗೆ ಬೇಕಾದದ್ದು ಅಡ್ಡಳತೆ. ಐದಡಿ ಎಂದರೆ 60 ಇಂಚು, ಅದನ್ನು 3.14ರಿಂದ ಭಾಗಿಸಿದರೆ 19 ಇಂಚು ಚಿಲ್ಲರೆ. ಐದಡಿ ಎಂದು ಕೇಳಿದ ಕೂಡಲೇ ಎದೆಯಲ್ಲಿ ಹುಟ್ಟಿದ ದೊಡ್ಡ ಮಿಷನ್ನಿನ ಆಸೆ ಈ ಭಾಗಾಕಾರ ಮುಗಿಯುವಷ್ಟರಲ್ಲಿ ಮುಕ್ಕಾಲು ಪಾಲು ಇಳಿದಿರಬೇಕು. ಇಳಿಯದಿದ್ದರೆ ಇನ್ನೊಮ್ಮೆ ಭಾಗಿಸಿ.

(ಅಂದ ಹಾಗೆ ಅದೇ ವ್ಯಾಪಾರಿ ನಾಟಾದ ಲೆಕ್ಕ ಹಾಕುವಾಗ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದಕ್ಕೆ ಗುಣಿಸುತ್ತಾನೆ. ದುಂಡು ದಿಮ್ಮಿಯ ನಿಜವಾದ ಗಾತ್ರದಲ್ಲಿ ಶೇಕಡಾ 78.5 ಮಾತ್ರ ಆ ಲೆಕ್ಕಕ್ಕೆ ಸಿಗುತ್ತದೆ. ಮಿಕ್ಕದ್ದು ಕೊಯ್ಯುವಾಗ ಹೋಗುವ ಅಂಚು, ಹೊಟ್ಟು ಎಂದು ಸಮಾಧಾನ ಹೇಳುತ್ತಾರೆ. ಅದು ಬೇರೆಯೇ ಕೈಪಿಡಿಯ ವಿಷಯ.)

ಬಾರು ಮರದ ಅಡ್ಡಳತೆಗಿಂತ ಎರಡು ಇಂಚು ಉದ್ದವಿದ್ದರೆ ಸುಖ ಎಂಬುದು ಸಾಮಾನ್ಯ ನಿಯಮ. ಆದರೆ ಕೆಲಸ ಬಲ್ಲವನು ಎರಡೂ ಮಗ್ಗುಲಿನಿಂದ ಕೊಯ್ದು ಬಾರಿಗಿಂತ ದಪ್ಪದ ಮರವನ್ನೂ ಇಳಿಸುತ್ತಾನೆ. ಮೇಲೆ ಹೇಳಿದ ಐದಡಿಯ ಮರಕ್ಕೆ ಅವನ ಕೈಯಲ್ಲಿ 16 ಇಂಚು ಸಾಕು. ಕೆಲಸ ಬಾರದವನಿಗೆ ಯಾವ ಇಂಚೂ ಸಾಲದು.

ಇಂಚು, ಸಿಸಿ, ಸೊಂಟ

ಬಾರು ಎಷ್ಟೇ ಉದ್ದವಿರಲಿ, ಅದರ ಚೈನನ್ನು ಎಳೆಯಬೇಕಾದದ್ದು ಎಂಜಿನ್ನು. 35ರಿಂದ 40 ಸಿಸಿಗೆ 14 ಅಥವಾ 16 ಇಂಚು, 45ರಿಂದ 50ಕ್ಕೆ 16 ಅಥವಾ 18, 60ರ ಆಸುಪಾಸಿಗೆ 20. ಅದಕ್ಕೂ ಉದ್ದ ಬೇಕೆಂದರೆ 70, 90 ಸಿಸಿಯ ಮಾತಾಡಬೇಕು, ಅದರ ಬೆಲೆ ಕೇಳಿ ಸುಮ್ಮನೆ ಮನೆಗೆ ಬರಬೇಕು. ಕಡಿಮೆ ಬೆಲೆಗೆ ಸಿಗುವ 52, 58 ಸಿಸಿಯ ಎಂಜಿನ್ನಿಗೆ 22 ಇಂಚಿನ ಬಾರು ಸಿಕ್ಕಿಸಿ ಮಾರುವುದುಂಟು. ಗಟ್ಟಿ ಮತ್ತಿ ಮರಕ್ಕೆ ಪೂರ್ತಿ ಇಳಿಸಿದಾಗ ಅದರ ಪಾಡು ಹೋರಿಗರುವನ್ನು ಜೋಡೆತ್ತಿನ ನೊಗಕ್ಕೆ ಹೂಡಿದ ಹಾಗೆ. ಚೈನು ನಿಲ್ಲುತ್ತದೆ, ನೀವು ಮೈಭಾರ ಹಾಕಿ ಒತ್ತುತ್ತೀರಿ, ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ, ಅಂಗಡಿಯವನು “ನೀವು ಒತ್ತಬಾರದಿತ್ತು” ಎನ್ನುತ್ತಾನೆ. ಅವನು ಹೇಳುವುದು ಸರಿ.

ತೂಕವನ್ನು ಅಂಗಡಿಯ ಸಿಮೆಂಟು ನೆಲದ ಮೇಲೆ ನಿಂತು ನೋಡಬೇಡಿ. 60 ಸಿಸಿಯ ಮಿಷನ್ನು ಬಾರು, ಚೈನು, ಪೆಟ್ರೋಲು, ಆಯಿಲು ಎಲ್ಲ ಸೇರಿ ಎಂಟು ಕೆಜಿ ಮುಟ್ಟುತ್ತದೆ. ಜೂನ್ ತಿಂಗಳ ಜಾರುವ ಇಳಿಜಾರಿನಲ್ಲಿ, ಒಂದು ಕಾಲು ಕಾಫಿ ಬುಡದ ಮೇಲೆ ಊರಿ, ಜಿಗಣೆ ಹತ್ತಿದ ಇನ್ನೊಂದು ಕಾಲನ್ನು ಮರೆತು ಅದನ್ನು ಹಿಡಿದಿರಬೇಕಾಗುತ್ತದೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮಾಡಿದ ವಿದ್ಯುತ್ ಗರಗಸವನ್ನು ಹಿಡಿಯಲು ಇಬ್ಬರು ಬೇಕಿತ್ತಂತೆ. ಅದು ಒಬ್ಬನ ಕೈಗೆ ಬರುವ ಹಾಗಾಗಲು ದಶಕಗಳೇ ಹಿಡಿದವು. ನೀವು ಹಣ ಕೊಟ್ಟು ಮತ್ತೆ ಹಿಂದಕ್ಕೆ ಹೋಗುವುದೇಕೆ?

ಯಾವ ಕೆಲಸಕ್ಕೆ ಯಾವುದು

ಅಡಿಕೆ. ಹಿಡಿಮುಂಡಿಗೆ ರೋಗ ಬಂದು ತಲೆ ಹೋದ ಮರ ಇನ್ನೇನು ಅರ್ಧ ಅಡಿ ದಪ್ಪ. 12 ಇಂಚೂ ಹೆಚ್ಚಾಯಿತು, ಕೊಡಲಿ ಸಾಕು. ಮಿಷನ್ನೇ ಬೇಕೆಂದರೆ ಅಡಿಕೆಯ ನಾರು ಚೈನಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡಾಗೆಲ್ಲ ಕವರು ಬಿಚ್ಚಿ, ನಾರು ಎಳೆದು, ನಟ್ಟು ಕೆಸರಿನಲ್ಲಿ ಬೀಳಿಸಿ ಹುಡುಕುವ ವ್ಯವಧಾನ ಇರಲಿ. ತೆಂಗು ಇನ್ನೂ ಕೆಟ್ಟದ್ದು. ಒಳಗೆ ಮೆತ್ತಗೆ, ಹೊರಗಿನ ಸುತ್ತು ಮಾತ್ರ ಚೈನಿನ ಹರಿತವನ್ನು ತಿಂದುಹಾಕುವಷ್ಟು ಗಟ್ಟಿ.

ಮರಗಸಿ. ಮರಗಸಿಯವನು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹತ್ತುತ್ತಾನೆ, ಬರಿ ಕತ್ತಿಯಲ್ಲೇ ತೋಟದ ನೆರಳನ್ನು ಹದ ಮಾಡುತ್ತಾನೆ. ಅವನ ಕೈಗೆ ನಿಮ್ಮ ಹೊಸ ಮಿಷನ್ ಕೊಟ್ಟು “ಬೇಗ ಮುಗಿಯುತ್ತೆ” ಎನ್ನಬೇಡಿ. ಮರದ ಮೇಲೆ ಬಳಸುವ ಮಿಷನ್ನೇ ಬೇರೆ. ಅದಕ್ಕೆ ಹಿಡಿಕೆ ಮೇಲಿರುತ್ತದೆ, 25ರಿಂದ 35 ಸಿಸಿ, 10ರಿಂದ 14 ಇಂಚು. ಅದೂ ಹಗ್ಗ, ಬೆಲ್ಟು ಕಟ್ಟಿಕೊಂಡು ಎರಡೂ ಕೈಯಲ್ಲಿ ಹಿಡಿಯಬಲ್ಲವನಿಗೆ. ಏಣಿಯ ಮೇಲೆ ನಿಂತು ಕೊಯ್ಯಲು ಸೂಕ್ತ ಅಳತೆ: ಸೊನ್ನೆ ಇಂಚು.

ಬಚ್ಚಲ ಒಲೆಯ ಸೌದೆ. 14 ಇಲ್ಲವೇ 16. ನೀವು ಮಿಷನ್ ಹಿಡಿಯುವ ಹತ್ತು ಸಲದಲ್ಲಿ ಎಂಟು ಸಲ ಮಾಡುವುದು ಇದನ್ನೇ, ಆದರೆ ಕೊಳ್ಳುವಾಗ ಮನಸ್ಸಿನಲ್ಲಿ ಇರುವುದು ಗಡಿಯ ಹತ್ತಿರದ ಹೆಮ್ಮರ. ನೆಲಕ್ಕೆ ತಾಗಿಸಿ ಕೊಯ್ಯಬೇಡಿ. ಒಮ್ಮೆ ಮಣ್ಣು ಮುಟ್ಟಿದ ಚೈನು ಅಲ್ಲಿಗೇ ಮೊಂಡು. ಬೇಲಿಯಂಚಿನ ಮರವಾದರೆ ಅಪ್ಪನ ಕಾಲದಲ್ಲಿ ಹೊಡೆದ ಮುಳ್ಳುತಂತಿ ಒಳಗೆ ಎಲ್ಲೋ ಇದ್ದೇ ಇರುತ್ತದೆ. ತೊಗಟೆಯ ಮೇಲೆ ಅಡ್ಡ ಗಾಯದ ಗುರುತು ಕಂಡರೆ ಒಂದಡಿ ಮೇಲೆ ಕೊಯ್ಯಿರಿ.

ಸಿಲ್ವರ್ ಓಕ್. 16ರಿಂದ 18. ಇಲ್ಲಿ ಅಳತೆಗಿಂತ ದಿಕ್ಕು ಮುಖ್ಯ, ಏಕೆಂದರೆ ಸುತ್ತ ಕಾಯಿ ಹಿಡಿದ ಕಾಫಿ ನಿಂತಿದೆ. ಬೀಳಬೇಕಾದ ಕಡೆಗೆ ಅಡ್ಡಳತೆಯ ಕಾಲು ಭಾಗದಷ್ಟು ಬಾಯಿ ತೆಗೆಯಿರಿ. ಆಮೇಲೆ ಹಿಂದಿನಿಂದ, ಬಾಯಿಗಿಂತ ಸ್ವಲ್ಪ ಮೇಲೆ ಕೊಯ್ಯುತ್ತ ಬನ್ನಿ. ಪೂರ್ತಿ ಕೊಯ್ಯಬೇಡಿ. ಅಡ್ಡಳತೆಯ ಹತ್ತರಲ್ಲೊಂದು ಭಾಗದ ಪಟ್ಟಿ ಉಳಿಯಬೇಕು, ಮರವನ್ನು ದಾರಿ ತಪ್ಪದ ಹಾಗೆ ಇಳಿಸುವುದು ಆ ಪಟ್ಟಿಯೇ. ಅದನ್ನೂ ಕೊಯ್ದುಹಾಕಿದರೆ ಮರ ಎಲ್ಲಿ ಬೀಳಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ. ನೀವು ಓಡುವ ದಾರಿ ಹಿಂದಕ್ಕೆ, ಓರೆಯಾಗಿ ಇರಲಿ, ಅಲ್ಲಿಯ ಬಳ್ಳಿ, ಗಿಡ ಮೊದಲೇ ಸವರಿರಲಿ. ವೀಡಿಯೊ ಮಾಡುವ ಹುಡುಗನಿಗೂ ಓಡುವ ದಾರಿ ಬೇಕು.

ಪುನರ್ವಸು ಮಳೆಗೆ ರಸ್ತೆಗೆ ಅಡ್ಡ ಬಿದ್ದ ಮರ. ಕರೆಂಟಿನ ತಂತಿ ತಾಗಿದ್ದರೆ ಮಿಷನ್ ಮನೆಯಲ್ಲಿಟ್ಟು ಲೈನ್‌ಮನ್‌ಗೆ ಫೋನು ಮಾಡಿ. ತಾಗಿಲ್ಲದಿದ್ದರೆ ಮೊದಲು ಮರ ಎಲ್ಲಿ ಒತ್ತುತ್ತಿದೆ, ಎಲ್ಲಿ ಬಿಗಿದಿದೆ ಎಂದು ನೋಡಿ. ಎರಡು ತುದಿಗಳು ಧರೆಯ ಮೇಲೆ ಕೂತು ನಡು ತೂಗಿದ ಮರವನ್ನು ಮೇಲಿನಿಂದಲೇ ಕೊಯ್ದುಕೊಂಡು ಹೋದರೆ ಅದು ಬಾರನ್ನು ಕಚ್ಚಿಕೊಳ್ಳುತ್ತದೆ. ಮೇಲೆ ಸ್ವಲ್ಪ ಕೊಯ್ದು, ಮಿಕ್ಕದ್ದನ್ನು ಕೆಳಗಿನಿಂದ ಕೊಯ್ಯಬೇಕು. ಕಚ್ಚಿಕೊಂಡ 22 ಇಂಚಿನ ಬಾರನ್ನು ಬಿಡಿಸಲು ಪಕ್ಕದ ಮನೆಯ 16 ಇಂಚನ್ನು ತರಿಸಬೇಕಾಗುತ್ತದೆ. ರಸ್ತೆಯ ಎರಡೂ ಕಡೆ ನಿಂತ ಜೀಪಿನವರು ಇದನ್ನು ವರ್ಷಗಟ್ಟಲೆ ಹೇಳುತ್ತಾರೆ.

ಮೂರಡಿ ಅಡ್ಡಳತೆಯ ಹಲಸು. ಕೊಯ್ಯುವ ಗ್ಯಾಂಗನ್ನು ಕರೆಸಿ. ಅವರ ಬಳಿ ದೊಡ್ಡ ಮಿಷನ್ ಇದೆ, ಅದನ್ನು ದಿನವೂ ಹಿಡಿದ ಕೈಯಿದೆ. ಜೀವಮಾನದಲ್ಲಿ ಒಂದೆರಡು ಸಲ ಬರುವ ಕೆಲಸಕ್ಕೆ ಮಿಷನ್ ಕೊಳ್ಳುವುದು ಬೇಡ.

ಬಾರಿನ ತುದಿ

ಈ ಭಾಗದಲ್ಲಿ ತಮಾಷೆ ಇಲ್ಲ. ಬಾರಿನ ತುದಿಯ ಮೇಲ್ಭಾಗ ಓಡುವಾಗ ಏನನ್ನಾದರೂ ತಾಗಿದರೆ ಮಿಷನ್ನು ಹಿಂದಕ್ಕೆ, ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಚಿಮ್ಮುತ್ತದೆ. ಚೈನಿನ ಓಟ ಸೆಕೆಂಡಿಗೆ 20 ಮೀಟರಿನ ಸುಮಾರು. ನಿಮ್ಮ ಕೈ ಅಷ್ಟು ಬೇಗ ಎಚ್ಚರಗೊಳ್ಳುವುದಿಲ್ಲ. ಮುಂದಿನ ಹಿಡಿಕೆಯ ಎದುರಿಗಿರುವ ಪ್ಲಾಸ್ಟಿಕ್ ತಡೆ ಇರುವುದು ಇದಕ್ಕೇ. ಕೈಯ ಹಿಂಬದಿ ಅದನ್ನು ತಳ್ಳಿದರೆ ಬ್ರೇಕು ಬೀಳುತ್ತದೆ. ಒಳ್ಳೆಯ ಮಿಷನ್ನಿನಲ್ಲಿ ಚಿಮ್ಮಿದ ರಭಸಕ್ಕೆ ತಾನೇ ಬೀಳುತ್ತದೆ. ಎಡಗೈ ಹೆಬ್ಬೆರಳು ಹಿಡಿಕೆಯ ಅಡಿಯಿಂದ ಸುತ್ತಿ ಬಂದಿರಲಿ. ಉದ್ದ ಬಾರು ಕೊಂಡವರು ಗಮನಿಸಿ: ತುದಿ ನಿಮ್ಮ ಕಣ್ಣಿನಿಂದ ದೂರವಾದಷ್ಟೂ ಅದು ದಿಮ್ಮಿಯ ಆಚೆಗಿನ ಯಾವ ಕೊಂಬೆ ಮುಟ್ಟುತ್ತಿದೆ ಎಂಬುದು ನಿಮಗೆ ಕಾಣಿಸುವುದಿಲ್ಲ.

ಹಲ್ಲಿನ ಆರೈಕೆ

ಹರಿತವಿರುವ 16 ಇಂಚು ಮೊಂಡಾದ 22ಕ್ಕಿಂತ ಮುಂಚೆ ಮನೆಗೆ ಬರುತ್ತದೆ. ಪರೀಕ್ಷೆ ಸುಲಭ. ಬುಡದಲ್ಲಿ ಬಿದ್ದ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿ. ಚಕ್ಕೆ ಚಕ್ಕೆಯಾಗಿದ್ದರೆ ಚೈನು ಹರಿತ, ಹಿಟ್ಟಾಗಿದ್ದರೆ ಅರ ಹಿಡಿಯುವ ಹೊತ್ತು. ಕೊಯ್ತ ಒಂದು ಮಗ್ಗುಲಿಗೆ ವಾಲುತ್ತಿದ್ದರೆ ಒಂದು ಕಡೆಯ ಹಲ್ಲು ಮಾತ್ರ ಮೊಂಡಾಗಿದೆ, ಬಲಗೈಯವರು ಒಂದು ಮಗ್ಗುಲನ್ನೇ ಚೆನ್ನಾಗಿ ಉಜ್ಜುವುದರಿಂದ ಹೀಗಾಗುತ್ತದೆ. ಸಣ್ಣ ಮಿಷನ್ನುಗಳ ಚೈನಿಗೆ 4 ಮಿಲಿಮೀಟರಿನ ದುಂಡು ಅರ, 52, 58 ಸಿಸಿಯವಕ್ಕೆ ಸಾಮಾನ್ಯವಾಗಿ 4.8. ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು.

ಇವತ್ತಿನ ಚೈನಿನ ಕೊಕ್ಕೆ ಹಲ್ಲಿನ ಮೂಲ ಒಂದು ಹುಳು. 1946ರಲ್ಲಿ ಅಮೆರಿಕದ ಓರೆಗಾನಿನ ಕಾಡಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವ, ಒಂದು ಜೀರುಂಡೆಯ ಮರಿ ಬಾಗಿದ ದವಡೆಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ಮರವನ್ನು ಸಲೀಸಾಗಿ ತಿನ್ನುವುದನ್ನು ಕಂಡು ಅದೇ ಆಕಾರದ ಹಲ್ಲು ಮಾಡಿದ. ಮರುವರ್ಷ ಪೋರ್ಟ್‌ಲ್ಯಾಂಡ್ ಊರಿನಲ್ಲಿ ಕಂಪನಿ ಶುರುವಾಯಿತು. ನಮ್ಮ ಅರೇಬಿಕಾ ಗಿಡಗಳನ್ನು ಒಳಗೊಳಗೇ ಕೊರೆದು ಒಣಗಿಸುವ ಬೋರರ್ ಆ ಹುಳುವಿನ ದಾಯಾದಿ. ತೋಟದವರು ಅದರ ಮುಂದೆ ಕೂತು ಶಾಪ ಹಾಕಿದ್ದೇ ಬಂತು, ಹಲ್ಲು ನೋಡಲಿಲ್ಲ.

ಪೆಟ್ರೋಲು

ಬೆರೆಸುವುದು ಒಳ್ಳೆಯ ಟೂಟಿ (2T) ಆಯಿಲಾದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, ಸಾಧಾರಣದ್ದಾದರೆ 40. ಮಳೆಗಾಲಕ್ಕೆ ಮುಂಚೆ ತುಂಬಿಸಿ ಅಟ್ಟಕ್ಕಿಟ್ಟ ಮಿಷನ್ನು, ಬೇಕಾದ ದಿನ ಎಳೆದರೆ ಹೊತ್ತುವುದಿಲ್ಲ. ಬಾರಿನ ಆಯಿಲಿನ ಟ್ಯಾಂಕಿಗೆ ಬೈಕಿನ ಸುಟ್ಟ ಆಯಿಲು ಹಾಕುವವರಿಗೆ ಈ ಕೈಪಿಡಿ ಏನೂ ಹೇಳುವುದಿಲ್ಲ, ಹೇಳಿ ಸಾಕಾಗಿದೆ.

ಕಾಗದಪತ್ರ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ಸಿಲ್ವರ್, ನೀಲಗಿರಿಯಂಥ ಕೆಲವಕ್ಕೆ ಕಡಿಯುವ ಅನುಮತಿಯ ರಗಳೆ ಇಲ್ಲ. ತೇಗ, ಹೊನ್ನೆ, ಬೀಟೆ ಎಂದರೆ ವೃಕ್ಷಾಧಿಕಾರಿಯ ಅನುಮತಿ ಮೊದಲು, ಮಿಷನ್ ಆಮೇಲೆ. ಸದ್ದು ಮೂರು ಗುಡ್ಡದಾಚೆ ಕೇಳುತ್ತದೆ ಎಂಬುದು ನೆನಪಿರಲಿ.

ದೂರು ಮತ್ತು ಪರಿಹಾರ

ಮಿಷನ್ ಮನೆಯಲ್ಲಿ ನಿಲ್ಲುತ್ತಿಲ್ಲ: ದೊಡ್ಡದು ಕೊಂಡಿದ್ದೀರಿ. “ಮಾರಾಯ್ರೆ, ಒಂದರ್ಧ ಗಂಟೆ ಮಿಷನ್ ಕೊಡಿ” ಎಂದು ಯಾರೂ 14 ಇಂಚಿನದನ್ನು ಕೇಳಿ ಬರುವುದಿಲ್ಲ.

ವಾಪಸು ಬಂದಾಗ ಕೊಯ್ಯುತ್ತಿಲ್ಲ: ಚೈನು ತಿರುಗುಮುರುಗಾಗಿ ಹಾಕಿದ್ದಾರೆ. ಮೇಲ್ಬದಿಯ ಹಲ್ಲು ತುದಿಯ ಕಡೆ ಮುಖ ಮಾಡಿರಬೇಕು.

ಎಳೆದು ಎಳೆದು ತೋಳು ಬಿದ್ದುಹೋಯಿತು, ಸ್ಟಾರ್ಟ್ ಆಗುತ್ತಿಲ್ಲ: ಸ್ವಿಚ್ಚು ನೋಡಿ. ಆಫ್ ಇದ್ದರೆ ಪ್ಲಗ್ಗು ಬಿಚ್ಚಿ, ಒರೆಸಿ, ಹಾಕಿ, ಎಲ್ಲರೂ ನೋಡುತ್ತಿರುವಾಗ ಗಂಭೀರವಾಗಿ ತಲೆಯಾಡಿಸಿ, ಆಮೇಲೆ ಆನ್ ಮಾಡಿ.