ನನ್ನನ್ನು ಓದದವರು ನೀವು ಮಾತ್ರ

ಸಂದರ್ಶನ ನಡೆದ ಜಾಗ ಯಾವುದೆಂದು ಬರೆಯುವಂತಿಲ್ಲ. ದೆಹಲಿ, ಒಂದು ಕಬ್ಬಿಣದ ಬೀರು, ಇಷ್ಟು ಸಾಕು. ಒಳಗಿರುವವರು ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ. 1962ರ ಚೀನಾ ಯುದ್ಧದಲ್ಲಿ ಸೋತದ್ದು ಯಾಕೆಂದು ತಿಳಿಯಲು ನಮ್ಮ ಸೇನೆಯೇ ಬರೆಸಿದ್ದು. 1963ರಲ್ಲಿ ಸರ್ಕಾರದ ಕೈ ಸೇರಿತು, ಅಂದಿನಿಂದ ಬೀರುವಾಸ. ಬಾಗಿಲ ಸಂದಿಗೆ ಬಾಯಿಟ್ಟು ಮಾತಾಡಿಸಿದೆವು.

ಪ್ರಶ್ನೆ: ನಮಸ್ಕಾರ. ಆರೋಗ್ಯ ಹೇಗಿದೆ?

ವರದಿ: ಗೆದ್ದಲು ಇನ್ನೂ ಬಂದಿಲ್ಲ. ಬಂದರೆ ಬೇಸರವಿಲ್ಲ, ಅದಕ್ಕಾದರೂ ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಶ್ನೆ: ತಮ್ಮನ್ನು ಬರೆದವರ ಬಗ್ಗೆ ಹೇಳಿ.

ವರದಿ: ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮ್ ಭಗತ್. ಭಗತ್ ಎರಡನೇ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು, ಹೆದರುವ ಪೈಕಿಯಲ್ಲ. ಅದಕ್ಕೇ ಇರಬೇಕು, ಬರೆಸಿದವರು ಮೊದಲೇ ಬೇಲಿ ಹಾಕಿಕೊಟ್ಟರು. ತರಬೇತಿ, ಶಸ್ತ್ರಾಸ್ತ್ರ, ಕಮಾಂಡ್ ವ್ಯವಸ್ಥೆ, ಸೈನಿಕರ ದೇಹದಾರ್ಢ್ಯ, ಅಧಿಕಾರಿಗಳ ಸಾಮರ್ಥ್ಯ, ಇವಿಷ್ಟನ್ನು ನೋಡಿ ಎಂದರು. ಮಂತ್ರಿಗಳ ಕೊಠಡಿ ಆ ಪಟ್ಟಿಯಲ್ಲಿ ಇರಲಿಲ್ಲ.

ಪ್ರಶ್ನೆ: ಆದರೂ ಇಣುಕಿದಿರಂತೆ?

ವರದಿ: ಇಣುಕಿದರೆ ಸಿಗುವುದೇನು ಮಾರಾಯರೇ? ರಕ್ಷಣಾ ಮಂತ್ರಿ ಕೃಷ್ಣ ಮೆನನ್ ತಮ್ಮ ಸಭೆಗಳ ನಡಾವಳಿಯನ್ನೇ ಬರೆಯಕೂಡದು ಎಂದಿದ್ದರು. ಎಲ್ಲವೂ ಪರಮ ಗೋಪ್ಯವಂತೆ. ನಿಮ್ಮೂರಿನ ಸಹಕಾರ ಸಂಘದಲ್ಲಿ ಗೊಬ್ಬರ ಹಂಚುವುದಕ್ಕೂ ಒಂದು ನಡಾವಳಿ ಪುಸ್ತಕ ಇರುತ್ತದೆ.

ಪ್ರಶ್ನೆ: ಸೋತದ್ದು ಯಾಕೆ? ಒಂದೇ ಮಾತಿನಲ್ಲಿ ಹೇಳಿ.

ವರದಿ: ಒಂದೇ ಮಾತಿನಲ್ಲಿ ಹೇಳುವುದಾಗಿದ್ದರೆ ನನ್ನನ್ನು ಯಾಕೆ ಬರೆಸುತ್ತಿದ್ದರು? 1961ರ ನವೆಂಬರ್‌ನಲ್ಲಿ ಫಾರ್ವರ್ಡ್ ಪಾಲಿಸಿ ಎಂಬುದು ಬಂತು. ಚೀನಾ ತನ್ನದೆನ್ನುವ ಜಾಗಗಳಲ್ಲಿ ಸಣ್ಣ ಸಣ್ಣ ಠಾಣೆಗಳನ್ನು ಹಾಕುತ್ತ ಹೋಗುವುದು. ಅವರು ಬಲಪ್ರಯೋಗ ಮಾಡಲಾರರು ಎಂಬುದು ಗುಪ್ತಚರ ವಿಭಾಗದ ಮಲ್ಲಿಕ್ ಅವರ ಎಣಿಕೆ. ಆ ಠಾಣೆಗಳ ಬೆನ್ನಿಗೆ ದೊಡ್ಡ ಪಡೆ ಇರಬೇಕು ಎಂಬ ಮಾತೂ ಸರ್ಕಾರದ ಆದೇಶದಲ್ಲಿತ್ತು. ಸೇನಾ ಪ್ರಧಾನ ಕಚೇರಿಯಿಂದ ಕೆಳಗಿಳಿಯುವಾಗ ಆ ಭಾಗವೇ ಬಿದ್ದುಹೋಯಿತು. ಮುಂದೆ ಹೋಗಿ ಎಂಬುದು ತಲುಪಿತು, ಹಿಂದೆ ನಾವಿದ್ದೇವೆ ಎಂಬುದು ತಲುಪಲಿಲ್ಲ. 1962ರ ಅಕ್ಟೋಬರ್ 12ರಂದು ಸಿಲೋನಿಗೆ ಹೊರಟ ಪ್ರಧಾನಿ ನೆಹರೂ, ನಮ್ಮ ನೆಲವನ್ನು ತೆರವು ಮಾಡಿಸಲು ಸೇನೆಗೆ ಹೇಳಿದ್ದೇವೆ ಎಂದು ಪತ್ರಕರ್ತರಿಗೆ ತಿಳಿಸಿದರು. ಅತ್ತ ಈಶಾನ್ಯ ಗಡಿಯ ನಮ್ಕಾ ಚು ಹೊಳೆಯ ದಂಡೆಯಲ್ಲಿ ನಮ್ಮ ಹುಡುಗರು ಆ ಚಳಿಗೆ ಹತ್ತಿಯ ಬಟ್ಟೆಯಲ್ಲಿದ್ದರು. ಅಕ್ಟೋಬರ್ 20ರ ಬೆಳಿಗ್ಗೆ ದಾಳಿಯಾದಾಗ ಕೋರ್ ಕಮಾಂಡರ್ ಜನರಲ್ ಕೌಲ್ ದೆಹಲಿಯಲ್ಲಿ ಹಾಸಿಗೆ ಹಿಡಿದಿದ್ದರು. ಕಾಯಿಲೆ ಯಾರಿಗೂ ಬರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಹಾಸಿಗೆಯಿಂದಲೇ ಯುದ್ಧ ನಡೆಸುತ್ತೇನೆಂದರಲ್ಲ, ಅದಕ್ಕೆ ಇದೆ. ಅಲ್ಲಿನ ಪಡೆಯ ನಾಯಕ ಬ್ರಿಗೇಡಿಯರ್ ದಳವಿ ಸೆರೆಸಿಕ್ಕರು. ಅವರು ಬರೆದ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಕೈಯಲ್ಲಿ ಕನ್ನಡಕ್ಕೂ ಬಂತು. ಸೆರೆ ಹೋದವರ ಪುಸ್ತಕ ಅಂಗಡಿಯಲ್ಲಿದೆ, ವಿಚಾರಣೆಗೆ ಬಂದ ನಾನು ಸೆರೆಯಲ್ಲಿದ್ದೇನೆ.

ಪ್ರಶ್ನೆ: ಮೊದಲೇ ಎಚ್ಚರಿಸಿದವರು ಯಾರೂ ಇರಲಿಲ್ಲವೇ?

ವರದಿ: ನಿಮ್ಮ ಕೊಡಗಿನವರೇ ಇದ್ದರಲ್ಲ! ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ 1959ರಲ್ಲಿ ಮೆನನ್ ಜೊತೆ ಏಗಲಾರದೆ ರಾಜೀನಾಮೆ ಕೊಟ್ಟರು. ನೆಹರೂ ಸಮಾಧಾನ ಮಾಡಿ ವಾಪಸ್ ತೆಗೆಸಿದರು, ಆಮೇಲೆ ಸಂಸತ್ತಿನಲ್ಲಿ ಅವರನ್ನೇ ಟೀಕಿಸಿದರು. ನಿವೃತ್ತಿಯ ನಂತರ 1962ರ ಜುಲೈನಲ್ಲಿ, ಚೀನಾದ ಜೊತೆ ಪೂರ್ಣ ಯುದ್ಧ ಮಾಡುವ ಬಲ ನಮ್ಮಲ್ಲಿಲ್ಲ ಎಂದು ತಿಮ್ಮಯ್ಯ ಪತ್ರಿಕೆಯಲ್ಲೇ ಬರೆದರು. ಮೂರು ತಿಂಗಳಿಗೆ ಯುದ್ಧ.

ಪ್ರಶ್ನೆ: ತಮ್ಮನ್ನು ಹೊರಗೆ ಬಿಡದಿರಲು ಕಾರಣ?

ವರದಿ: 2010ರಲ್ಲಿ ರಕ್ಷಣಾ ಸಚಿವ ಆ್ಯಂಟನಿ ಸಂಸತ್ತಿಗೆ ತಿಳಿಸಿದ ಪ್ರಕಾರ ನಾನು ಬಹಳ ಸೂಕ್ಷ್ಮ, ಮೇಲಾಗಿ ಇವತ್ತಿನ ಕಾರ್ಯಾಚರಣೆಗೂ ಸಲ್ಲುವವನು. ನನ್ನ ಕಾಲದ ಬಂದೂಕು ಪಾಯಿಂಟ್ 303. ಅದರ ಕಾಲದ ವಿವರ ಇವತ್ತಿಗೂ ಸಲ್ಲುತ್ತದೆ ಎಂದರೆ ನನಗೆ ಹೆಮ್ಮೆ. ಗಾಬರಿಯಾಗಬೇಕಾದವರು ನೀವು.

ಪ್ರಶ್ನೆ: ಆಮೇಲೆ ಸರ್ಕಾರ ಬದಲಾಯಿತಲ್ಲ?

ವರದಿ: ಬದಲಾಯಿತು, ನಾನೂ ಬಟ್ಟೆ ಕೊಡವಿಕೊಂಡು ತಯಾರಾದೆ. 2014ರ ಮಾರ್ಚ್‌ನಲ್ಲಿ ವಿರೋಧ ಪಕ್ಷದ ಅರುಣ್ ಜೇಟ್ಲಿ, ಇಂಥ ದಾಖಲೆಗಳನ್ನು ಎಂದೆಂದಿಗೂ ಮುಚ್ಚಿಡುವುದು ಸರಿಯಲ್ಲ ಎಂದು ಬರೆದರು. ಜುಲೈನಲ್ಲಿ ರಕ್ಷಣಾ ಸಚಿವ ಅರುಣ್ ಜೇಟ್ಲಿ, ಬಿಡುಗಡೆ ಮಾಡುವುದು ರಾಷ್ಟ್ರಹಿತವಲ್ಲ ಎಂದು ರಾಜ್ಯಸಭೆಗೆ ತಿಳಿಸಿದರು. ಇಬ್ಬರಿಗೂ ಪರಸ್ಪರ ಪರಿಚಯ ಇರಲಿಲ್ಲವೆಂದು ಕಾಣುತ್ತದೆ.

ಪ್ರಶ್ನೆ: ಗುಟ್ಟು ಯಾರಿಂದ ಕಾಪಾಡುತ್ತಿದ್ದಾರೆ? ಚೀನಾದಿಂದಲೇ?

ವರದಿ: ಚೀನಾದವರು ಹೊಡೆದವರು, ಅವರಿಗೆ ಗೊತ್ತಿಲ್ಲವೇ? ಅದೂ ಅಲ್ಲದೆ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ನನ್ನ ಬಹುಭಾಗವನ್ನು ಅಂತರ್ಜಾಲಕ್ಕೆ ಹಾಕಿಬಿಟ್ಟರು. ಬೀಜಿಂಗಿನವರು ಓದಬಹುದು, ಇಸ್ಲಾಮಾಬಾದಿನವರು ಓದಬಹುದು. ಭಾರತದ ಪ್ರಜೆಗೆ ಮಾತ್ರ ನಾನು ಅಧಿಕೃತವಾಗಿ ಗೋಪ್ಯ.

ಪ್ರಶ್ನೆ: ಈಗಿನ ಗಡಿ ಪರಿಸ್ಥಿತಿ ಬಗ್ಗೆ ಏನಾದರೂ?

ವರದಿ: ಬೀರುವಿನೊಳಗೆ ಪತ್ರಿಕೆ ತಡವಾಗಿ ಬರುತ್ತದೆ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ 20 ಮಂದಿ ಸೈನಿಕರು ಸತ್ತರು. ಅದಾದ ಮೇಲೆ ಸರ್ವಪಕ್ಷ ಸಭೆಯಲ್ಲಿ ಪ್ರಧಾನಿ, ನಮ್ಮ ನೆಲದೊಳಗೆ ಯಾರೂ ಬಂದಿಲ್ಲ ಎಂದರು. ಹಾಗಾದರೆ ಕಾದಾಡಿದ್ದು ಎಲ್ಲಿ ಎಂಬುದಕ್ಕೆ ನನ್ನಂಥ ಇನ್ನೊಂದು ವರದಿ ಬೇಕು. ಬಂದರೆ ಪಕ್ಕದ ಅರೆಯಲ್ಲಿ ಜಾಗವಿದೆ. 2022ರ ಡಿಸೆಂಬರ್‌ನಲ್ಲಿ ತವಾಂಗ್ ಬಳಿ ಚಕಮಕಿಯಾದಾಗ ವಿರೋಧ ಪಕ್ಷದವರು ಸಂಸತ್ತಿನಲ್ಲಿ ಚರ್ಚೆ ಕೇಳಿದರು, ಸಿಗಲಿಲ್ಲ. 1962ರಲ್ಲಿ ಯುದ್ಧ ನಡೆಯುತ್ತಿರುವಾಗಲೇ, ನವೆಂಬರ್ 8ರಿಂದ, ಬಾಗಿಲು ತೆರೆದಿಟ್ಟು ಚರ್ಚೆ ಮಾಡಿದ್ದರು. ಅಧಿವೇಶನ ಬೇಗ ಕರೆಯಿರಿ ಎಂದು ಹಟ ಹಿಡಿದವರಲ್ಲಿ ವಾಜಪೇಯಿ ಇದ್ದರು, ಗುಪ್ತ ಅಧಿವೇಶನ ಬೇಡ ಎಂದವರು ನೆಹರೂ. ಆ ವಿಷಯಕ್ಕೆ ನೆಹರೂಗೆ ನನ್ನ ನಮಸ್ಕಾರ. ಮರುವರ್ಷ ನನ್ನನ್ನು ಬೀರುವಿಗೆ ತಳ್ಳಿದ್ದೂ ಅವರ ಸರ್ಕಾರವೇ. ಅದನ್ನೂ ಬರೆದುಕೊಳ್ಳಿ, ಬಿಡಬೇಡಿ.

ಪ್ರಶ್ನೆ: ಬಿಡುಗಡೆಯ ಆಸೆ ಇದೆಯೇ?

ವರದಿ: ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಗೋಪ್ಯಪಟ್ಟಿಯಿಂದ ತೆಗೆಯಬೇಕು ಎಂದು ರಕ್ಷಣಾ ಸಚಿವಾಲಯವೇ 2021ರಲ್ಲಿ ನೀತಿ ಮಾಡಿದೆ. ನನಗೆ 60 ದಾಟಿತು. ನಾನು ಸಾಮಾನ್ಯ ಅಲ್ಲವಲ್ಲ.

ಪ್ರಶ್ನೆ: ಓದುಗರಿಗೆ ಏನಾದರೂ ಹೇಳುವುದಿದೆಯೇ?

ವರದಿ: ಸರ್ಕಾರದ ಲೆಕ್ಕದಲ್ಲೇ ಆ ಯುದ್ಧದಲ್ಲಿ ಸತ್ತವರು 1,383, ಕಾಣೆಯಾದವರು 1,696. ಅವರ ಮನೆಯವರ ಹೆಸರಿನಲ್ಲಿ ನಿಮ್ಮ ಸಂಸದರಿಗೊಂದು ಕಾಗದ ಬರೆಯಿರಿ. ಯಾವ ಪಕ್ಷದವರಾದರೂ ಸರಿ. ವಿರೋಧ ಪಕ್ಷದವರಾದರೆ ಉತ್ತರ ಬೇಗ ಬರುತ್ತದೆ.