ಕಲ್ಲೂರಿನ ಟೆಂಡರು

"ಸಣ್ಣದಿರಬೇಕು. ಸಸ್ತಾ ಇರಬೇಕು. ಜೋರಾಗಿ ಕೇಳಬೇಕು."

ಲ್ಯಾಪ್‌ಟಾಪಿಗಾಗಿ ರಾಯಚೂರು ಜಿಲ್ಲೆಯ ಕಲ್ಲೂರಿನಿಂದ ಅಪ್ಪ ಹೊರಡಿಸಿದ ಟೆಂಡರಿನಲ್ಲಿ ಇದ್ದದ್ದು ಇವು ಮೂರೇ ಷರತ್ತು. ಸರ್ಕಾರದ ಯಾವ ಇಲಾಖೆಯೂ ಇಷ್ಟು ಚೊಕ್ಕವಾಗಿ ಟೆಂಡರು ಕರೆದಿರಲಿಕ್ಕಿಲ್ಲ. ಆದರೆ ಅದು ಬಂದು ಬಿದ್ದದ್ದು ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ. ಡಲ್ಲಾಸಿನಲ್ಲಿ ನಾವು, ಸ್ಯಾನ್ ಹೋಸೆಯಲ್ಲಿ ನಮ್ಮ ಭಾವ, ಮ್ಯೂನಿಕ್‌ನಲ್ಲಿ ಚಿಕ್ಕಪ್ಪನ ಮಗ. ಮೂರೂ ಮನೆಯಲ್ಲಿ ಎಂಜಿನಿಯರುಗಳು. ಮೂವರು ಎಂಜಿನಿಯರು ಕೂಡಿದ ಕಡೆ ಮೂರು ಷರತ್ತು ಮೂವತ್ತಾಗಲು ಒಂದು ಶನಿವಾರ ಸಾಕು.

ಅಪ್ಪನಿಗೆ ಲ್ಯಾಪ್‌ಟಾಪ್ ಯಾಕೆ ಬೇಕಾಯಿತು ಎಂಬುದನ್ನು ಗುಂಪಿನಲ್ಲಿ ಮೊದಲು ಕೇಳಿದವಳು ನಮ್ಮ ಮಗಳು. ಉಳಿದವರೆಲ್ಲ ಪ್ರೊಸೆಸರಿನ ತಲೆಮಾರು ಎಣಿಸುತ್ತಿದ್ದರು. ಸಂಗತಿ ಏನೆಂದರೆ, ಕಲ್ಲೂರಿನ ಮನೆಯಲ್ಲಿ ಟೀವಿ ಇದೆ. ಅದು ಸಂಜೆ ಆರಕ್ಕೆ ಅವ್ವನ ವಶವಾದರೆ ರಾತ್ರಿ ಹತ್ತರವರೆಗೆ ಬಿಡುಗಡೆಯಿಲ್ಲ. ಒಂದು ಸೀರಿಯಲ್ಲಿನ ಸೊಸೆ ವಿಷದ ಹಾಲು ಬಾಯಿಗಿಡುವಷ್ಟರಲ್ಲಿ ಇನ್ನೊಂದು ಸೀರಿಯಲ್ಲಿನ ಅತ್ತೆ ಮೂರ್ಛೆ ಹೋಗಿರುತ್ತಾಳೆ. ಎರಡನ್ನೂ ನೋಡದೆ ಅವ್ವನಿಗೆ ಊಟ ಸೇರದು. ಅಪ್ಪನಿಗೆ ಬೇಕಾದದ್ದು ರಾಜ್‌ಕುಮಾರ್ ಸಿನಿಮಾ, ಬಯಲಾಟ, ದಾಸರ ಪದ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ಓಡಾಡಿದ ಸೀಮೆಯವನು ಹಾಡು ಕೇಳದೆ ಇರಲಾದೀತೇ? ಮೊಬೈಲಿನಲ್ಲಿ ನೋಡಬಹುದಿತ್ತು. ಆದರೆ 'ಕಸ್ತೂರಿ ನಿವಾಸ'ದ ಕಟ್ಟಕಡೆಯ ದೃಶ್ಯಕ್ಕೆ ಸರಿಯಾಗಿ ಬೀಜದಂಗಡಿಯವನ ಫೋನು ಬರುತ್ತದೆ. ರಾಜ್‌ಕುಮಾರ್ ಅಲ್ಲೇ ನಿಲ್ಲುತ್ತಾರೆ, ಹತ್ತಿಬೀಜದ ರೇಟು ಮುಂದುವರಿಯುತ್ತದೆ.

"ಟ್ಯಾಬ್ಲೆಟ್ ಕಳಿಸ್ತೀವಿ, ಅಪ್ಪ. ಹಗುರ ಇರ್ತದೆ" ಎಂದೆ.

"ಯಾರು ಹಿಡ್ಕೊಂಡು ಕುಂದ್ರಬೇಕು ಅದನ್ನ? ಲ್ಯಾಪ್‌ಟಾಪ್ ಆದ್ರ ತಾನ ನಿಂದರತೈತಿ."

ಲಕ್ಷಗಟ್ಟಲೆ ರೂಪಾಯಿ ಸುರಿದು ಜಾಹೀರಾತು ಮಾಡುವ ಕಂಪನಿಗಳಿಗೂ ಲ್ಯಾಪ್‌ಟಾಪಿನ ಈ ಗುಣ ಹೊಳೆದಿಲ್ಲ. ಎರಡನೆಯ ಕಾರಣವನ್ನು ಅಪ್ಪ ಅವ್ವನಿಗೆ ಕೇಳಿಸದಂತೆ, ಹಿತ್ತಲಿಗೆ ಹೋಗಿ ಹೇಳಿದರು: "ಕರೆಂಟ್ ಹೋದ್ರ ನಿಮ್ಮವ್ವನ ಟೀವಿ ಬಂದ್. ನಂದು ನಡೀತಿರತೈತಿ." ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದೆ. 1985ರಲ್ಲಿ ಮೊದಲ ಘಟಕ ಶುರುವಾಗಿ, ಬೆಳೆದು 1720 ಮೆಗಾವಾಟ್ ಸಾಮರ್ಥ್ಯಕ್ಕೆ ಮುಟ್ಟಿದೆ. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ಜಿಲ್ಲೆಯಲ್ಲಿ ಕರೆಂಟು ಹೋಗುವುದನ್ನೇ ಕಾದು ಕೂತು ಹೆಂಡತಿಯ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ಯೋಚಿಸಿದವರು ಅಪ್ಪ ಒಬ್ಬರೇ ಇರಬೇಕು.

ಇತ್ತ ಭಾವನ ಸಭೆ ಜೋರಾಗಿ ನಡೆದಿತ್ತು. ಅವರ ಪ್ರಕಾರ ಕೊಂಡರೆ ಹದಿನಾರು ಜಿಬಿ ರ‍್ಯಾಮ್, ಟಚ್ ಸ್ಕ್ರೀನು, ಬೆರಳಚ್ಚು ಬೀಗ. ಅಪ್ಪನ ಬೆರಳು ನಲವತ್ತು ವರ್ಷ ಹತ್ತಿ ಬಿಡಿಸಿ ಸವೆದದ್ದು. ರೇಷನ್ ಅಂಗಡಿಯ ಯಂತ್ರವೇ ಅದನ್ನು ಮೂರು ಸಲ ಒರೆಸಿ ಒತ್ತಿದ ಮೇಲೆ ಗುರುತು ಹಿಡಿಯುತ್ತದೆ. "ಹತ್ತು ವರ್ಷ ಬಾಳಿಕೆ ಬರೋ ಹಂಗ ತಗೋಬೇಕು" ಎಂದು ಭಾವ ವಿಡಿಯೊ ಕಾಲಿನಲ್ಲಿ ಭಾಷಣ ಮಾಡಿದಾಗ ಅಪ್ಪ ನಡುವೆ ಬಾಯಿ ಹಾಕಿದರು: "ಯಾರು, ನಾನಾ? ಅದಾ?"

ಮ್ಯೂನಿಕ್‌ನವನದು ಇನ್ನೊಂದು ಅತಿ. ಅವನು ಉಳಿತಾಯದ ಪಕ್ಷ. ಕಾಲೇಜಿನ ದಿನಗಳಲ್ಲಿ ಕೊಂಡ ಸಣ್ಣ ಲ್ಯಾಪ್‌ಟಾಪನ್ನು ಇಂದಿಗೂ ಅಟ್ಟದಲ್ಲಿ ಇಟ್ಟುಕೊಂಡಿದ್ದಾನೆ, ಅದನ್ನೇ ಒರೆಸಿ ಕಳಿಸುತ್ತೇನೆಂದ. ಸಣ್ಣ, ಸಸ್ತಾ ಲ್ಯಾಪ್‌ಟಾಪಿನ ಹುಚ್ಚು ಎಬ್ಬಿಸಿದ್ದು 2007ರಲ್ಲಿ ಬಂದ ಏಸಸ್ ಕಂಪನಿಯ ಈ-ಪಿಸಿ. ಏಳು ಇಂಚಿನ ಪರದೆ, ನಾಲ್ಕು ಜಿಬಿ ಸಂಗ್ರಹ, ಅರ್ಧ ಜಿಬಿ ರ‍್ಯಾಮು. ಇವತ್ತು ನಮ್ಮ ಗುಂಪಿಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಚಿತ್ರಗಳಿಗೇ ಅಷ್ಟು ಜಾಗ ಸಾಲದು. ಆಗ ಜನ ಮುಗಿಬಿದ್ದರು. ಮರುವರ್ಷವೇ ಹತ್ತು ಇಂಚಿನ ನೆಟ್‌ಬುಕ್ಕುಗಳು ಹಿಂಡು ಹಿಂಡಾಗಿ ಬಂದವು. ಒಳಗೆ ಇಂಟೆಲ್ಲಿನ ಆ್ಯಟಮ್, ಒಂದು ಜಿಬಿ ರ‍್ಯಾಮು, ಮೇಲೆ ವಿಂಡೋಸ್ ಎಕ್ಸ್‌ಪಿ. ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ. ಟ್ಯಾಬ್ಲೆಟ್ಟುಗಳು ಬಂದದ್ದೇ ತಡ, ಆ ಸಂತಾನ ಬಂದಷ್ಟೇ ಬೇಗ ಮಾಯವಾಯಿತು. 2011ರಲ್ಲಿ ಕ್ರೋಮ್‌ಬುಕ್ ಬಂತು. 2023ರಲ್ಲಿ ನಮ್ಮಲ್ಲೇ ಹದಿನಾರು ಸಾವಿರದ ನಾನೂರ ತೊಂಬತ್ತೊಂಬತ್ತು ರೂಪಾಯಿಗೆ ಜಿಯೋಬುಕ್ ಬಂತು, 11.6 ಇಂಚಿನ ಪರದೆ, ತೂಕ ಒಂದು ಕಿಲೋಕ್ಕೂ ಕಡಿಮೆ. ಹೀಗೆ ವಂಶಾವಳಿ ಹೇಳಿ ಮುಗಿಸಿದ ಮೇಲೆ ಚಿಕ್ಕಪ್ಪನ ಮಗ ತನ್ನ ಅಟ್ಟದ ಯಂತ್ರವನ್ನು ಚಾಲೂ ಮಾಡಿ ತೋರಿಸಲು ಹೋದ. ನಮ್ಮ ಕಾಲ್ ಮುಗಿದರೂ ಅದು ಎದ್ದಿರಲಿಲ್ಲ.

ನಡುವೆ ಬಂತು ಥ್ಯಾಂಕ್ಸ್‌ಗಿವಿಂಗಿನ ಮರುದಿನದ ಕಪ್ಪು ಶುಕ್ರವಾರ. ಇನ್ನೂರು ಡಾಲರಿನ ಒಳಗೆ ಪುಟಾಣಿ ಲ್ಯಾಪ್‌ಟಾಪುಗಳು! ಹೆಂಡತಿ ಅಂಗಡಿಯಲ್ಲಿ ಒಂದನ್ನು ಎತ್ತಿ ತೂಗಿ ನೋಡಿದಳು, ಬಣ್ಣ ಚೆನ್ನಾಗಿದೆ ಎಂದಳು. ಚೀಟಿಯಲ್ಲಿ ಬರೆದ ಬೆಲೆಯ ಮೇಲೆ ಟೆಕ್ಸಾಸಿನ ಮಾರಾಟ ತೆರಿಗೆ, ನಮ್ಮ ಕಡೆ ನೂರಕ್ಕೆ ಎಂಟೂಕಾಲು, ಗಲ್ಲೆಯ ಹತ್ತಿರ ಹೋದಾಗಲೇ ಮುಖ ತೋರಿಸುವುದು. ಅದೂ ಹೋಗಲಿ. ಚೀಟಿಯ ಕೆಳಗಿನ ಸಣ್ಣಕ್ಷರ ಓದಿದೆ: ನಾಲ್ಕು ಜಿಬಿ ರ‍್ಯಾಮ್, ಅರವತ್ನಾಲ್ಕು ಜಿಬಿ ಸಂಗ್ರಹ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅರ್ಹತೆ ಸರಿಯಾಗಿ ಇಷ್ಟೇ. ಕನಿಷ್ಠ ಅಂದರೆ ಹೊಸ್ತಿಲು ದಾಟಬಹುದು, ಒಳಗೆ ಕೂರಲು ಚಾಪೆ ಕೊಡುವುದಿಲ್ಲ. ವಿಂಡೋಸ್ ತಾನೇ ಅರ್ಧ ಜಾಗ ಹಾಸಿಕೊಂಡು ಮಲಗಿದರೆ, ಮುಂದಿನ ಅಪ್‌ಡೇಟ್ ಬಂದಾಗ ಕಲ್ಲೂರಿನಿಂದ ಫೋನು ಬರುತ್ತದೆ, ನಮ್ಮ ನಡುರಾತ್ರಿಗೆ. ಸಂಗ್ರಹದ ಹೆಸರಿನ ಜಾಗದಲ್ಲಿ ಇಎಂಎಂಸಿ ಎಂದಿದ್ದರೆ ಅದು ಮದರ್‌ಬೋರ್ಡಿಗೆ ಬೆಸೆದದ್ದು. ಮುಂದೆ ದೊಡ್ಡದು ಹಾಕಿಸುತ್ತೇವೆಂದರೆ ಆಗದ ಮಾತು. ಎಸ್‌ಎಸ್‌ಡಿ ಎಂದಿದ್ದರೆ ಸಾಮಾನ್ಯವಾಗಿ ಬದಲಾಯಿಸಬಹುದು. ಹೋಲಿಸಬೇಕಾದ್ದು ಇದು, ಬಣ್ಣವಲ್ಲ ಎಂದು ಹೆಂಡತಿಗೆ ವಿವರಿಸಿದೆ. "ಹಂಗಾದ್ರ ಎಸ್‌ಎಸ್‌ಡಿ ಇರೋದನ್ನ ಇದೇ ಬಣ್ಣದಾಗ ಕೇಳ್ರಿ" ಅಂದಳು.

ಇನ್ನು ಸಾಗಣೆಯ ಪ್ರಶ್ನೆ. ನಾವು ರಾಯಚೂರಿನವರು ಕರ್ನಾಟಕಕ್ಕೆ ಬರುವಾಗ ಇಳಿಯುವುದು ತೆಲಂಗಾಣದಲ್ಲಿ. ಬೆಂಗಳೂರಿಗಿಂತ ಹೈದರಾಬಾದೇ ನಮಗೆ ಹತ್ತಿರ. ಶಂಶಾಬಾದಿನಲ್ಲಿ ಇಳಿದು ಮೆಹಬೂಬನಗರದ ಮೇಲೆ ಕೃಷ್ಣೆ ದಾಟಿದರೆ ಊರಿನ ವಾಸನೆ ಬರುತ್ತದೆ, ಒಗ್ಗರಣಿ-ಮಿರ್ಚಿ ಸಿಗುತ್ತದೆ. ಆದರೆ ಶಂಶಾಬಾದಿನ ಕಸ್ಟಮ್ಸ್ ಬಾಗಿಲು ದಾಟಬೇಕಲ್ಲ. ಹದಿನೆಂಟು ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ನನ್ನ ಲೆಕ್ಕದ್ದು ನನ್ನ ಆಫೀಸಿನದು, ಹೆಂಡತಿಯ ಲೆಕ್ಕದ್ದು ಅವಳ ಆಫೀಸಿನದು. ಮಗಳಿಗೆ ಹದಿನೇಳು. ಅಜ್ಜನ ಮನರಂಜನೆಗೋಸ್ಕರ ಪ್ರಯಾಣವನ್ನು ಅವಳ ಹುಟ್ಟುಹಬ್ಬದ ಆಚೆಗೆ ಮುಂದೂಡಬೇಕೇ ಎಂಬ ಠರಾವು ಗುಂಪಿನಲ್ಲಿ ಮಂಡನೆಯಾಗಿ, ಪರ ವಿರೋಧ ಚರ್ಚೆಯೂ ನಡೆಯಿತು. ಚಾರ್ಜರಿನ ವಿಷಯಕ್ಕೆ ಜಗಳವಿರಲಿಲ್ಲ: ಲ್ಯಾಪ್‌ಟಾಪಿನ ಅಡಾಪ್ಟರು ನೂರು ವೋಲ್ಟಿಗೂ ಸೈ, ಇನ್ನೂರ ನಲವತ್ತಕ್ಕೂ ಸೈ. ಆದರೆ ಅಮೆರಿಕದ ಚಪ್ಪಟೆ ಕಡ್ಡಿಗಳ ಪ್ಲಗ್ಗು ನಮ್ಮ ಗೋಡೆಗೆ ಒಗ್ಗದು, ನಡುವೆ ಒಂದು ದಲ್ಲಾಳಿ ಬೇಕು. ಆ ದಲ್ಲಾಳಿ ಮೂರನೆಯ ದಿನಕ್ಕೆ ಸಡಿಲವಾಗುತ್ತದೆ, ಅವ್ವ ಅದರ ಕೆಳಗೆ ಮಡಚಿದ ಪಂಚಾಂಗ ತುರುಕುತ್ತಾಳೆ. ಹಿಂದಿನ ಉಡುಗೊರೆಗಳ ಗತಿ ನೋಡಿದವನಿಗೆ ಇದು ಭವಿಷ್ಯವಲ್ಲ, ಇತಿಹಾಸ.

ನಾವಿಲ್ಲಿ ಠರಾವು ಪಾಸು ಮಾಡುವ ಹೊತ್ತಿಗೆ ಅಪ್ಪ ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಬಂದಿದ್ದರು.

ಅಂಗಡಿಯ ಪ್ರಸಂಗವನ್ನು ಅವರೇ ಹೇಳಬೇಕು, ಅಭಿನಯಸಹಿತ. ಹುಡುಗ ಮೊದಲು ಹನ್ನೊಂದು ಇಂಚಿನದು ತೋರಿಸಿದನಂತೆ. ಕನ್ನಡಕ ತೆಗೆದು, ಹಾಕಿ ನೋಡಿ, "ಇದು ಮೊಬೈಲಿನ ಅಣ್ಣ, ಇದರ ಅಪ್ಪನ್ನ ಕರಿ" ಅಂದರಂತೆ. ಹುಡುಗ ನಕ್ಕು ದೊಡ್ಡದೊಂದು ಗೇಮಿಂಗ್ ಯಂತ್ರ ತಂದು, ಕೆಂಪು ನೀಲಿ ದೀಪ ಹೊತ್ತಿಸಿ, "ಯಜಮಾನ್ರ, ಇದರಾಗ ಗೇಮ್ ಭಾಳ ಚಲೋ ಆಡಬಹುದು" ಅಂದ. "ಯಾರ ಜೋಡಿ?" ಎಂದು ಅಪ್ಪ. ಹುಡುಗನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಹದಿನಾಲ್ಕು ಇಂಚಿನದೊಂದು ಬಂತು: ಎಂಟು ಜಿಬಿ ರ‍್ಯಾಮ್, ಇನ್ನೂರೈವತ್ತಾರು ಜಿಬಿ ಎಸ್‌ಎಸ್‌ಡಿ. ಅಪ್ಪ ಅವುಗಳನ್ನು ಕೇಳಿರಲಿಲ್ಲ; ಅವರು ಕೇಳಿದ್ದು ಅಂಗಡಿಯ ಫ್ಯಾನನ್ನು ಐದಕ್ಕೆ ತಿರುಗಿಸಲು. "ನಮ್ಮ ಮನ್ಯಾಗ ಯುಗಾದಿ ಆದಮ್ಯಾಲ ಫ್ಯಾನ್ ಐದರಾಗ ಇರತೈತಿ. ಆ ಸಪ್ಪಳದಾಗ ಹಾಡು ಕೇಳಬೇಕು, ಇಲ್ಲಾಂದ್ರ ಬ್ಯಾಡ." ಬಿಸಿಲು ನಲವತ್ತೆರಡು ದಾಟುವ ಜಿಲ್ಲೆಯಲ್ಲಿ ಧ್ವನಿಪರೀಕ್ಷೆ ನಡೆಯಬೇಕಾದ್ದು ಹೀಗೆಯೇ. ಹಾಡು ಕೇಳಿತು. ಬಿಲ್ಲು ಆಯಿತು. ಮೂವತ್ತು ಸಾವಿರದೊಳಗೆ, ಮೇಲೊಂದು ಚೀಲ ಪುಕ್ಕಟೆ.

ಭಾವನ ಮುಖ ಎರಡು ದಿನ ಸಪ್ಪಗಿತ್ತು. ಮೂರನೆಯ ದಿನ ಅವರಿಗೆ ಜೀವ ಬಂತು, ಏಕೆಂದರೆ ಕಲ್ಲೂರಿನಿಂದ ದೂರು ಬಂದಿತ್ತು: ಅಂಗಡಿಯಲ್ಲಿ ಕೇಳಿದ ಸದ್ದು ಮನೆಯಲ್ಲಿ ಇಲ್ಲ. ವಿಡಿಯೊ ಕಾಲಿನಲ್ಲಿ ಎರಡು ಖಂಡದ ಎಂಜಿನಿಯರುಗಳು ನೆರೆದರು. ಡ್ರೈವರ್ ಹಳೆಯದೆಂದು ಭಾವ, ಈಕ್ವಲೈಜರ್ ತಪ್ಪೆಂದು ಮ್ಯೂನಿಕ್. ಅಪ್ಪ ಅವರು ಹೇಳಿದ್ದನ್ನೆಲ್ಲ ಒತ್ತಿ, ಪರದೆ ತಲೆಕೆಳಗು ಮಾಡಿಕೊಂಡರು. ಅದನ್ನು ನೆಟ್ಟಗೆ ಮಾಡಲು ಮಗಳು ಬರಬೇಕಾಯಿತು. ಹಿಂದೆ ರೊಟ್ಟಿ ಬಡಿಯುತ್ತ ಕೂತಿದ್ದ ಅವ್ವ ಎದ್ದು ಬಂದು, ಮಂಚದ ಕೌದಿಯ ಮೇಲೆ ಹುಗಿದು ಕೂತಿದ್ದ ಲ್ಯಾಪ್‌ಟಾಪನ್ನು ಎತ್ತಿ, ಕೆಳಗೊಂದು ಮಣೆ ತಳ್ಳಿ, ಮತ್ತೆ ರೊಟ್ಟಿಗೆ ಹೋದಳು. ಸದ್ದು ಪಡಸಾಲೆ ತುಂಬಿತು. ಸಸ್ತಾ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವಕ್ಕೆ ಸ್ಪೀಕರು ಹೊಟ್ಟೆಯ ಅಡಿಯಲ್ಲಿರುತ್ತದೆ, ಗಾಳಿಯಾಡುವ ಕಿಂಡಿಯೂ ಬಹಳಷ್ಟು ಸಲ ಅಲ್ಲೇ. ಮೆತ್ತನೆಯ ಹಾಸಿಗೆಯ ಮೇಲಿಟ್ಟರೆ ದನಿ ಹತ್ತಿಗೆ ಹೋಗುತ್ತದೆ, ಬಿಸಿ ಯಂತ್ರದೊಳಗೇ ಉಳಿಯುತ್ತದೆ. ಆ ಮಣೆಗೆ ಅವ್ವ ಬಾಡಿಗೆ ಕೇಳುತ್ತಾಳೆಂದು ಅಪ್ಪನ ಆರೋಪ. ಬಾಡಿಗೆ ಏನೆಂದರೆ, ಕರೆಂಟು ಹೋದಾಗ ಸೀರಿಯಲ್ಲು ಲ್ಯಾಪ್‌ಟಾಪಿನಲ್ಲಿ. ಹಿತ್ತಲಿನ ಸಂಚು ಹೀಗೆ ಮಣ್ಣುಪಾಲಾಯಿತು.

ಇನ್ನುಳಿದದ್ದು ಡೇಟಾದ ತಂಟೆ. ಮೊಬೈಲಿನ ಹಾಟ್‌ಸ್ಪಾಟಿನಿಂದ ದಿನಕ್ಕೆ ಎರಡು ಜಿಬಿ. ಭಾವ ಎಲ್ಲವನ್ನೂ 1080ರ ಗುಣಮಟ್ಟಕ್ಕೆ ಏರಿಸಿಟ್ಟಿದ್ದರಿಂದ ಸಿನಿಮಾದ ಮಧ್ಯಂತರಕ್ಕೇ ದಿನದ ಪಡಿ ಮುಗಿಯುತ್ತಿತ್ತು. 480ಕ್ಕೆ ಇಳಿಸಿದರೆ ಗಂಟೆಗೆ ಸುಮಾರು ಅರ್ಧ ಜಿಬಿಯಲ್ಲಿ ಕೆಲಸ ಆಗುತ್ತದೆ. 1971ರ ಕಪ್ಪು ಬಿಳುಪಿನ 'ಕಸ್ತೂರಿ ನಿವಾಸ'ಕ್ಕೆ ಅದಕ್ಕಿಂತ ಹೆಚ್ಚು ಯಾಕೆ? 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ದಾರೆ, ಅದನ್ನು ನೋಡಿ ಎಂದರೆ ಅಪ್ಪ ಒಪ್ಪುವುದಿಲ್ಲ. "ನಾ ನೋಡಿದಾಗ ಬಣ್ಣ ಇರಲಿಲ್ಲ" ಎನ್ನುತ್ತಾರೆ. ಹುಡುಕಲು ಟೈಪು ಮಾಡಬೇಕಿಲ್ಲ, ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಸಾಕೆಂದು ಮೊಮ್ಮಗಳು ಕಲಿಸಿದ್ದಾಳೆ. ಯಂತ್ರಕ್ಕೆ ನಮ್ಮ ರಾಯಚೂರು ಕನ್ನಡ ಅರ್ಥವಾಗುತ್ತದೆ. ಅಪ್ಪ ಪ್ರತಿ ಸಲ ಕೊನೆಗೆ "ರೀ" ಸೇರಿಸುತ್ತಾರೆ, ಅದಕ್ಕೂ ಅದು ಬೇಸರಪಟ್ಟುಕೊಂಡಿಲ್ಲ.

ಹೊರನಾಡ ಬಂಧುಗಳೇ, ಊರಿನ ಹಿರಿಯರಿಗೆ ಲ್ಯಾಪ್‌ಟಾಪ್ ಬೇಕೆಂದರೆ ದಯವಿಟ್ಟು ದುಡ್ಡು ಕಳಿಸಿ, ಯಂತ್ರ ಕಳಿಸಬೇಡಿ. ಅಮೆರಿಕದಲ್ಲಿ ಕೊಂಡ ಅಗ್ಗದ ಮಾಡೆಲ್ಲುಗಳ ವಾರಂಟಿ ಬಹಳಷ್ಟು ಸಲ ಅಲ್ಲಿಗೇ ಸೀಮಿತ. ಕೊಳ್ಳುವ ಮೊದಲೇ ಕಂಪನಿಯನ್ನು ಕೇಳಿಕೊಳ್ಳಿ. ರಾಯಚೂರಿನಲ್ಲಿ ಕೊಂಡದ್ದು ಕೆಟ್ಟರೆ ಕಲ್ಲೂರಿನಿಂದ ಬಸ್ಸಿದೆ. ಸೂಟ್‌ಕೇಸಿನಲ್ಲಿ ಉಳಿದ ಜಾಗಕ್ಕೆ ಬಾದಾಮಿ, ಚಾಕೊಲೇಟು ತುಂಬಿಕೊಂಡು ಬನ್ನಿ. ಅವಕ್ಕೆ ವಾರಂಟಿ ಕಾರ್ಡು ಕೇಳಿದವರನ್ನು ನಾನಂತೂ ಕಂಡಿಲ್ಲ.