ತಮ್ಮ ಕಚೇರಿ ಎಲ್ಲಿದೆ ಸ್ವಾಮಿ?

ಮಾನ್ಯ ಕೃತಕ ಬುದ್ಧಿಮತ್ತೆಯವರ ಸನ್ನಿಧಾನಕ್ಕೆ,

ವಿಷಯ: ತಮ್ಮ ಕಚೇರಿಯ ವಿಳಾಸ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಚಿತ್ರದುರ್ಗ ಜಿಲ್ಲೆಯವರಾದ ನಾವು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ದಯಮಾಡಿಸಿದ್ದು ನಮಗೆ ಗೊತ್ತೇ ಆಗಲಿಲ್ಲ. ಏಳು ಸುತ್ತಿನ ಕೋಟೆಗೆ ನುಗ್ಗಲು ಹೈದರಾಲಿಯ ಸೈನಿಕರಿಗೂ ಒಂದು ಕಿಂಡಿ ಬೇಕಾಗಿತ್ತು. ತಮಗೆ ಅದೂ ಬೇಕಾಗಲಿಲ್ಲ. ಫೋನು ಕೇಳಿದ್ದಕ್ಕೆಲ್ಲ ನಾವೇ ‘ಅಲೌ’ ಒತ್ತಿ ಒಳಗೆ ಕರೆದುಕೊಂಡೆವು. ಈಗ ಒನಕೆ ಎತ್ತೋಣವೆಂದರೆ ತಲೆಯೇ ಕಾಣುತ್ತಿಲ್ಲ.

ಅನುಕೂಲವಾಗಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ರಾಜ್ಯೋತ್ಸವದ ಭಾಷಣ, ಹೆಡ್‌ಮಾಸ್ಟರರ ಬೀಳ್ಕೊಡುಗೆ, ಶ್ರದ್ಧಾಂಜಲಿ ಎಲ್ಲವನ್ನೂ ತಾವೇ ಬರೆದುಕೊಡುತ್ತೀರಿ. ಮೂರರಲ್ಲೂ ‘ತುಂಬಲಾರದ ನಷ್ಟ’ ಇರುವುದರಿಂದ, ಹೊಳಲ್ಕೆರೆ ಕಡೆ ನಿವೃತ್ತರಾದವರು ಹಾರ ಹಾಕಿಸಿಕೊಂಡು ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ, ಅಷ್ಟೆ.

ಬದುಕಿದ್ದವರ ಮಾತು ಬಂತಲ್ಲ. 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಟಿ ಬಿ. ಸರೋಜಾದೇವಿಯವರಿಗೆ ಕನ್ನಡದಲ್ಲಿ ಸಂತಾಪ ಸೂಚಿಸಿದರೆ, ಫೇಸ್‌ಬುಕ್ಕಿನ ಯಂತ್ರಾನುವಾದ ಮುಖ್ಯಮಂತ್ರಿಗಳೇ ತೀರಿಹೋದರೆಂದಿತು. ಅವರ ಕಡೆಯಿಂದ ಪತ್ರ ಹೋಯಿತು, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಕ್ಷಮೆ ಕೇಳಿತು. ಅವರಿಗೆ ಮಾಧ್ಯಮ ಸಲಹೆಗಾರರಿದ್ದರು. ಹೊಸದುರ್ಗದ ಎಳೆಗೂಸಿನ ತಾಯಿಗೆ ಯಾರಿದ್ದಾರೆ?

ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈ 1ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಮುಖ ತೋರಿಸುವುದು ಕಡ್ಡಾಯ. ಆಧಾರ್‌ನಲ್ಲಿರುವುದು ಮದುವೆಗೆ ಮುಂಚಿನ ಮುಖ. ಎದುರಿಗಿರುವುದು ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. “ಬಿಸಿಲಿಗೆ ಬಾರಮ್ಮ. ತಲೆಗೆ ಕಟ್ಟಿರೋ ಸ್ಕಾರ್ಫ್ ಬಿಚ್ಚು. ಕಣ್ಣು ಮಿಟುಕ್ಸು. ಇನ್ನೊಂದ್ಸಲ...” ಕಂಕುಳಲ್ಲಿ ಕೂಸು ಚೀರುತ್ತದೆ. ಟೀಚರಿಗೆ ಆಕೆಯ ಗುರುತಿದೆ, ಆಕೆಯ ಅತ್ತೆಯ ಗುರುತೂ ಇದೆ. ಆದರೆ ಟೀಚರ ಗುರುತು ಈಗ ಲೆಕ್ಕಕ್ಕಿಲ್ಲ. “ತಗೊಳ್ತಿಲ್ಲ ಕಣಮ್ಮ, ನಾಳೆ ಬಾ.”

ನಾಳೆ ಬಾ ಎಂದು ಗುಮಾಸ್ತನೂ ಅನ್ನುತ್ತಿದ್ದ. ಅವನನ್ನು ಬೈಯಬಹುದಿತ್ತು, ಮೇಲಿನವರಿಗೆ ದೂರು ಕೊಡಬಹುದಿತ್ತು, ಏನೂ ಆಗದಿದ್ದರೆ ಟೀ ಕುಡಿಸಬಹುದಿತ್ತು. ತಾವು ಟೀ ಕುಡಿಯುವುದಿಲ್ಲ.

ಕಾಯುವುದು ನಮಗೆ ಹೊಸದಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾದೆವು. ಕೂಸು ಅಷ್ಟು ಕಾಯುವುದಿಲ್ಲ.

ಆದ್ದರಿಂದ ತಾಲ್ಲೂಕಿಗೊಂದು ಮೇಜು, ಒಂದು ಕುರ್ಚಿ ಹಾಕಿಸಿ, ತಮ್ಮ ತಪ್ಪಿಗೆ ಸಹಿ ಹಾಕುವ ಅಧಿಕಾರವುಳ್ಳ ಒಬ್ಬ ಮನುಷ್ಯನನ್ನು ಕೂರಿಸಬೇಕೆಂದೂ, ಅಲ್ಲಿಯವರೆಗೆ ಟೀಚರು ಗುರುತಿಸಿದರೆ ಸಾಕೆಂದು ಆದೇಶವಾಗಬೇಕೆಂದೂ ಕೋರುತ್ತೇವೆ. ಈ ಅರ್ಜಿಯನ್ನು ತಾವೇ ಓದಿ ತಾವೇ ವಿಲೇವಾರಿ ಮಾಡಬಾರದಾಗಿ ವಿನಂತಿ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಫಲಾನುಭವಿಗಳು